ಕತ್ತರಿ ತೊಳೆಯುವ ಸದ್ದು

ತಂಪುಮಾಸದ ನಲವತ್ತೊಂದನೇ ದಿನ, ಇಸವಿ ೨೩೧೮
ಹಳೆಯ ಚಿನ್ನದ ಗಣಿಯೊಳಗಿನ ಊರು

ಪದ್ಮಾಂಬಾ ಅಜ್ಜಿಯವರಿಗೆ,

ನಾನು ತಾರಿಣಿ, ನಿಮ್ಮಿಂದ ಹತ್ತನೇ ತಲೆಮಾರಿನವಳು. ನಮ್ಮ ತಿಂಗಳು ಉದ್ದ, ನಮ್ಮ ಕನ್ನಡ ನಿಮ್ಮ ಕಿವಿಗೆ ಒರಟು, ಮನ್ನಿಸಿ. ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ.

ಮೇಲಿನ ಬಿಸಿಲು ತಾಳಲಾರದೆ ಸುರಂಗದಲ್ಲಿ ಸಂಸಾರ ಹೂಡಿದವರು ನಾವು. ಇಲ್ಲಿನ ಮಕ್ಕಳಿಗೆ ಉಸಿರು ಕಟ್ಟುವ ರೋಗ. ಅದರ ಮದ್ದು ಇರುವುದು ನೀವು ಪ್ರಯೋಗಾಲಯದಲ್ಲಿ ಸಾಕಿದ ಬಿಳಿ ಇಲಿಗಳ ವಂಶದ ಹಾಲಿನಲ್ಲಿ. ಮರಿಗಳನ್ನು ಗಾಜುಬಸಿರಿನಲ್ಲಿ, ಎಂದರೆ ತಾಯಿಯ ಹೊಟ್ಟೆಯಷ್ಟೇ ಬೆಚ್ಚಗಿರುವ ತೊಟ್ಟಿಯಲ್ಲಿ, ಬೆಳೆಸುತ್ತೇವೆ. ಜಾಗ ಕಡಿಮೆ, ಹುಟ್ಟುವ ಮೊದಲೇ ಹೆಣ್ಣನ್ನು ಆರಿಸಬೇಕು. ನೀವು ಕಲಿಸಿದಂತೆ ಪ್ರತಿ ಭ್ರೂಣದ ಹೊರಪೊರೆಯಿಂದ ಒಂದು ಚೂರು ಕತ್ತರಿಸಿ ಡಿಎನ್‌ಎ ಪರೀಕ್ಷಿಸುತ್ತೇವೆ. ಒಂದೇ ಗೆರೆ ಮೂಡಿದರೆ ಹೆಣ್ಣು. ಗಂಡಿನ ಜೀನ್ ಇದ್ದರೆ ಎರಡು ಗೆರೆ. ಗಂಡುಗಳಲ್ಲಿ ತಳಿಗೆ ಬೇಕಾದಷ್ಟು ಉಳಿಸಿ ಮಿಕ್ಕವನ್ನು ಬಿಸಾಡುತ್ತೇವೆ.

ವರ್ಷದಿಂದ ವರ್ಷಕ್ಕೆ ಹೆಣ್ಣು ಕಡಿಮೆಯಾದವು. ತಳಿ ಕೆಟ್ಟಿತು ಎಂದುಕೊಂಡೆವು. ಮೊನ್ನೆ ಕತ್ತರಿ ಕೈಜಾರಿ ಕೆಸರಿಗೆ ಬಿತ್ತು. ತೊಳೆದು ಕತ್ತರಿಸಿದೆ, ಹೆಣ್ಣು ಬಂತು. ಅನುಮಾನ ಬಂದು, ಬಿಸಾಡಿದ್ದವನ್ನೆಲ್ಲ ಹೆಕ್ಕಿ ತಂದು ಒಂದೊಂದಕ್ಕೂ ಕತ್ತರಿ ತೊಳೆದು ನೋಡಿದೆ. ಅರ್ಧಕ್ಕರ್ಧ ಹೆಣ್ಣು. ಅಣ್ಣನ ಚೂರು ಕತ್ತರಿಗೆ ಮೆತ್ತಿಕೊಂಡು ತಂಗಿಯನ್ನು ಗಂಡೆಂದು ತೋರಿಸುತ್ತಿತ್ತು. ನೀರಿಗೆ ಬರವಿರುವ ನಾವು ಸೂಲಿಗೊಮ್ಮೆ ಮಾತ್ರ ಕತ್ತರಿ ತೊಳೆಯುತ್ತಿದ್ದೆವು.

ಆಗ ನಿಮ್ಮ ದನಿಸುರುಳಿ, ಎಂದರೆ ನೀವು ಕೆಲಸ ಮಾಡುವಾಗ ಹಿಡಿದಿಟ್ಟ ಮಾತು, ಮತ್ತೆ ಹಾಕಿ ಕೇಳಿದೆ. ನಾವು ಕೆಲಸ ಕಲಿತದ್ದೇ ಅದರಿಂದ. ನಿಮ್ಮ ಪರೀಕ್ಷೆಯೊಂದೇ ಯಾಕೆ ತಪ್ಪುವುದಿಲ್ಲ ಎಂದು ಶಿಷ್ಯೆ ನಾಗವೇಣಿ ಕೇಳುತ್ತಾಳೆ. "ಅದು ಕೈಗುಣ ಕಣೇ. ಹೋಗು, ಕಾಫಿ ತಗೊಂಡ್ಬಾ" ಎನ್ನುತ್ತೀರಿ. ಬಾಗಿಲು ಮುಚ್ಚುತ್ತದೆ. ನಲ್ಲಿಯ ಸದ್ದು, ಕತ್ತರಿ, ಮತ್ತೆ ನಲ್ಲಿ. ಅವಳ ಹೆಜ್ಜೆ ಕೇಳಿದೊಡನೆ ನಲ್ಲಿ ನಿಲ್ಲುತ್ತದೆ. ಬೇಕೆಂದೇ ಮುಚ್ಚಿಟ್ಟಿರಿ. ನಿಮ್ಮ ಹೆಸರಿನಲ್ಲಿ ದೀಪ ಹಚ್ಚುತ್ತಿದ್ದ ಮನೆ ನಮ್ಮದು. ಮೊನ್ನೆಯಿಂದ ಹಚ್ಚಿಲ್ಲ.

ಅಂದು ಸಿಕ್ಕ ಹೆಣ್ಣುಮರಿ ಉಳಿಯಲಿಲ್ಲ. ಹಾಲು ಕೊಡಲು, ತಳಿ ಮುಂದುವರಿಸಲು ಹೆಣ್ಣಿಲಿ ಈಗ ಒಂದೂ ಇಲ್ಲ. ನನ್ನ ಮಗಳು ಮುಗುಳಿಗೆ ಉಳಿದಿರುವ ಮದ್ದು ಸೀಸೆಯ ತಳದಲ್ಲಿದೆ. ದಯವಿಟ್ಟು ನಾಗವೇಣಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಒಂದೊಂದು ಭ್ರೂಣಕ್ಕೂ ಕತ್ತರಿ ತೊಳೆಯುವುದನ್ನು ತೋರಿಸಿ.

ಇಲ್ಲಿಯವರೆಗಿನದನ್ನು ಬೆಳಗ್ಗೆಯೇ ಹಿನ್ನಡೆ ಅಂಚೆಗೆ ಹಾಕಿದ್ದೆ, ಈಗ ಅದರ ನಕಲಿನ ಕೆಳಗೆ ಬರೆಯುತ್ತಿದ್ದೇನೆ. ಕಾಲದ ಹಿಂದಕ್ಕೆ ಹೋಗುವ ಅಂಚೆ ಅದು, ಹಾಕಿದ ಗಳಿಗೆಯೇ ತಲುಪುತ್ತದೆ. ನೀವು ತೋರಿಸಿದ್ದರೆ ಇಲ್ಲಿ ತೊಟ್ಟಿ ತುಂಬ ಹೆಣ್ಣುಮರಿಗಳಿರಬೇಕಿತ್ತು. ಈಗಷ್ಟೇ ಹೋಗಿ ನೋಡಿ ಬಂದೆ, ಒಂದೂ ಇಲ್ಲ. ಅಂದರೆ ನೀವು ಓದಿದಿರಿ, ಓದಿ ಸುಮ್ಮನಾದಿರಿ. ಇನ್ನು ಬರೆಯುವುದಿಲ್ಲ. ಮುಗುಳಿಯ ಹತ್ತಿರ ಕೂರಬೇಕು.