ಕಣ್ಣು ಬರೆಯದ ಹಿಮಚಿರತೆ

ಶ್ರೀರಂಗಪಟ್ಟಣ
9 ಫೆಬ್ರವರಿ 2025

ಚಿ. ಸೌ. ಪ್ರಜ್ಞಳಿಗೆ,

ಅಣ್ಣನ ಆಶೀರ್ವಾದ. ಅಪ್ಪನ ವೈಕುಂಠ ಸಮಾರಾಧನೆ ಮುಗಿದು ಹತ್ತು ದಿನದ ಮೇಲಾಯಿತು, ಈಗ ಬರೆಯುತ್ತಿದ್ದೇನೆ, ಬೈಯಬೇಡ. ದಿನಾ ಕಾಗದ ತೆಗೆಯುವುದು, 'ನಾವೆಲ್ಲ ಕ್ಷೇಮ' ಎಂದು ಬರೆಯಲು ಕೈಬಾರದೆ ಎತ್ತಿಡುವುದು. ಫೋನಿನಲ್ಲಿ ಆಡುವ ಮಾತಲ್ಲ ಇದು. ಹಿಮ ಬಿದ್ದು ನೀನಿರುವ ಸ್ಪಿತಿ ಕಣಿವೆಯ ದಾರಿ ಮುಚ್ಚಿದರೆ ನೀನಾದರೂ ಏನು ಮಾಡುತ್ತೀ? ಮುಖ ನೋಡಲು ಬರಲಾಗಲಿಲ್ಲ ಎಂದು ಕೊರಗಬೇಡ.

ಅಮ್ಮ ಎರಡು ತುತ್ತು ತಿಂದು ಎದ್ದುಬಿಡುತ್ತಾಳೆ. ಅಪ್ಪನ ಕುಂಚಗಳನ್ನು ತೊಳೆದು ಬಿಸಿಲಿಗಿಡುತ್ತಾಳೆ, ಒಣಗಿದ್ದನ್ನೇ ಮತ್ತೆ ತೊಳೆಯುತ್ತಾಳೆ. ನೋಡಲಾಗುವುದಿಲ್ಲ ಕಣೆ.

ನೀನು ತೆಗೆದು ಕಳಿಸಿದ ಫೋಟೊ ನೋಡಿಕೊಂಡು, ಪಾಂಡವಪುರದ ಐಸ್‌ಕ್ರೀಂ ಅಂಗಡಿಯ ಗೋಡೆಗೆ ಹಿಮಚಿರತೆ ಬರೆಯುತ್ತಿದ್ದೆನಲ್ಲ, ಹಿಮವನ್ನೇ ಕಾಣದ ನನಗೆ ಅದು ಒಲಿಯಲೇ ಇಲ್ಲ. ಬಂಡೆಯ ಮೇಲೆ ಸುಣ್ಣ ಚೆಲ್ಲಿದಂತೆ ಕಾಣುತ್ತಿತ್ತು. ಊಟಕ್ಕೆ ಕೂತಾಗ ಈ ಗೋಳು ಹೇಳಿಕೊಂಡೆ. ಸ್ಪಿತಿಯ ಚಿರತೆ ಎಂದೆ ಅಷ್ಟೆ. ನಿನ್ನ ಮದುವೆಯಾದಂದಿನಿಂದ ಅಪ್ಪನ ಎದುರು ನಿನ್ನ ಹೆಸರು ಎತ್ತುವಂತಿರಲಿಲ್ಲವಲ್ಲ. ಮಾರನೆಯ ದಿನ ನೋಡಿದರೆ, ಎಪ್ಪತ್ತೆಂಟರ ಅಪ್ಪ ಒಬ್ಬರೇ ಬಸ್ಸು ಹತ್ತಿ ಅಂಗಡಿಗೇ ಬಂದಿದ್ದಾರೆ! ಜೀವಮಾನವೆಲ್ಲ ದೇವಸ್ಥಾನದ ಗರುಡ, ಸಿಂಹ ವಾಹನಗಳಿಗೆ ಬಣ್ಣ ಬರೆದವರು, ಅಂಗಡಿ ಗೋಡೆ ಎಂದರೆ ಮೂಗು ಮುರಿಯುತ್ತಿದ್ದವರು.

ಸ್ಟೂಲಿನ ಮೇಲೆ ಕೂತು ಫೋಟೊ ಇಸಿದುಕೊಂಡು ತುಂಬ ಹೊತ್ತು ನೋಡಿದರು. ಹಿಮದ ನೆರಳಿಗೆ ಕಪ್ಪು ಯಾಕೆ ಬೆರೆಸಿದೆ, ನೀಲಿ ಬೆರೆಸು ಎಂದರು. ಬಾಲ ಗಿಡ್ಡವಾಯಿತು, ಆ ಚಳಿಯಲ್ಲಿ ಅದನ್ನೇ ತಾನೇ ಅದು ಹೊದ್ದುಕೊಳ್ಳಬೇಕು ಎಂದು ಬೈದರು. ನಾಲ್ಕು ದಿನ ಹೀಗೇ ಬಂದರು. ಐದನೆಯ ದಿನ ಕಣ್ಣು ಮಾತ್ರ ಉಳಿದಿತ್ತು. ನಮ್ಮಲ್ಲಿ ಕಣ್ಣು ಬರೆಯುವುದು ಕೊನೆಗೆ, ಅದೂ ಹಿರಿಯರ ಕೈಯಲ್ಲಿ. ಅಪ್ಪ ತಾವಾಗಿಯೇ ಸಣ್ಣ ಕುಂಚ ಎತ್ತಿಕೊಂಡರು. ಆದರೆ ಬರೆಯಲಿಲ್ಲ. ಕುಂಚ ತೊಳೆದಿಟ್ಟು ಮನೆಗೆ ಹೋದರು. ಅದಾದ ಮೂರನೆಯ ಬೆಳಿಗ್ಗೆ ಏಳಲೇ ಇಲ್ಲ.

ಅಂಗಡಿಯ ಲೋಕೇಶ್ ಸಾವಿನ ಮನೆಯೆಂದು ಇಷ್ಟು ದಿನ ಸುಮ್ಮನಿದ್ದ. ಮೊನ್ನೆ ಬಂದು, "ಸಾ, ಕಣ್ಣೊಂದು ಬರ್ಕೊಟ್ಬುಡಿ. ಮಕ್ಳು ನೋಡಿ ಎದ್ರುಕೊಳ್ತಾವೆ" ಎಂದ. ಹೋದೆ. ಏಣಿ ಹತ್ತಿ ಅರ್ಧ ದಿನ ನಿಂತೆ. ಕೈ ಏಳಲಿಲ್ಲ. ಬೇರೆ ಯಾರಿಂದಲಾದರೂ ಬರೆಸಿಕೊಳ್ಳಪ್ಪ ಎಂದು ಇಳಿದು ಬಂದೆ. ಇನ್ನು ಈ ಕೈಗೆ ಕುಂಚ ಬೇಡ.

ಬೆಚ್ಚಗಿರು. ನಿಮ್ಮ ಯಜಮಾನರಿಗೆ ನನ್ನ ನಮಸ್ಕಾರ ತಿಳಿಸು. ನೀವಿಬ್ಬರೂ ಚೆನ್ನಾಗಿರಿ, ಹರಸುವ ಯೋಗ್ಯತೆ ನನಗಿದೆಯೋ ಇಲ್ಲವೋ, ಹರಸಿದ್ದೇನೆ.

ನಿನ್ನ ಅಣ್ಣ,
ಸುದರ್ಶನ್

ವಿ.ಸೂ.: ಅಪ್ಪ ಹೋದ ದಿನ ಫೋನಿನಲ್ಲಿ ಕೇಳಿದೆಯಲ್ಲ, ಈ ಎಂಟು ವರ್ಷದಲ್ಲಿ ಒಂದು ಸಲವಾದರೂ ಅವರು ನಿನ್ನ ಹೆಸರು ಎತ್ತಿದರಾ ಎಂದು. ಇಲ್ಲ ಎಂದೆ. ಅದು ಸುಳ್ಳು. ಆ ಐದನೆಯ ದಿನ ಕುಂಚ ಹಿಡಿದುಕೊಂಡು, ನನ್ನ ಮುಖ ನೋಡದೆ ಕೇಳಿದರು: "ಈ ಫೋಟೊ ಪ್ರಜ್ಞ ತೆಗೆದದ್ದೇನೋ?" ಹೌದೆಂದರೆ ಎದ್ದು ಹೋಗುತ್ತಾರೆಂದು ಹೆದರಿ, ಅಲ್ಲಪ್ಪ, ಇಂಟರ್‌ನೆಟ್ಟಿನಲ್ಲಿ ಸಿಕ್ಕಿತು ಎಂದುಬಿಟ್ಟೆ. ಕುಂಚ ತೊಳೆದದ್ದು ಆಮೇಲೆ. ಅಂದು ಮನೆಗೆ ಬಂದು ಅಮ್ಮನಿಗೆ ಹೇಳಿದರಂತೆ: "ಅವಳದ್ದು ಅಂದ್ಕೊಂಡು ಹೋಗ್ತಿದ್ದೆ ಕಣೆ." ಅಮ್ಮ ಇದನ್ನು ನನಗೆ ಹೇಳಿದ್ದು ಹದಿಮೂರನೆಯ ದಿನ. ಆ ಫೋಟೊ ನಿನ್ನದೇ ಎಂದು ಅವಳಿಗೆ ನಾನಿನ್ನೂ ಹೇಳಿಲ್ಲ.