ನಾನು ಈಜಬಲ್ಲೆನೆಂಬ ಉದಾಹರಣೆ

ಬಳ್ಳಾರಿ, ಬ್ರೂಸ್ ಪೇಟೆ
ವಿಜಯ ಸಂವತ್ಸರದ ಕಾರ್ತಿಕ ಬಹುಳ ಪಂಚಮಿ
೧೮೯೩ನೆಯ ಇಸವಿ, ನವೆಂಬರು

ತೀರ್ಥರೂಪ ಅಜ್ಜನವರ ಪಾದಗಳಿಗೆ ಮೊಮ್ಮಗಳು ಇಂದಿರೆ ತಲೆಯಿಟ್ಟು ಮಾಡುವ ನಮಸ್ಕಾರಗಳು.

ಮಂತ್ರಾಲಯದಲ್ಲಿ ಬೆಳಗಿನ ಹೊತ್ತು ಚಳಿ ಬಿದ್ದಿರಬೇಕು. ನೀವು ಹೊಳೆಯ ಸ್ನಾನ ಬಿಡುವವರಲ್ಲವೆಂದು ಬಲ್ಲೆ. ಎಡಮಂಡಿ ನೋಯುವ ದಿನಗಳಲ್ಲಾದರೂ ಮೆಟ್ಟಿಲ ಮೇಲೆಯೇ ಕುಳಿತು ಚೆಂಬಿನಿಂದ ನೀರು ಹಾಕಿಕೊಳ್ಳಬೇಕೆಂದು ಪ್ರಾರ್ಥನೆ. ಅಪ್ಪ ಕಳುಹಿಸಿದ ಕಂಬಳಿ ತಲುಪಿತೇ? ರಾತ್ರಿಯ ಕೆಮ್ಮು ಹೇಗಿದೆ? ಇಲ್ಲಿ ಅಪ್ಪ ಎಂದಿನಂತೆ ಕಚೇರಿಗೆ ಹೋಗಿಬರುತ್ತಾರೆ. ಅಮ್ಮನಿಗೆ ಏಕಾದಶಿಯ ಮರುದಿನದ ತಲೆನೋವು ತಪ್ಪಿಲ್ಲ. ಕುರುಗೋಡಿನ ನಿಮ್ಮ ತೋಟವನ್ನು ನೋಡಿಕೊಳ್ಳುತ್ತಿರುವ ಹುಲುಗಪ್ಪ ಮೊನ್ನೆ ಬದನೆಕಾಯಿ ತಂದುಕೊಟ್ಟು, "ಅಜ್ಜಾರಿಲ್ದ ತ್ವಾಟ ಬಿಕೋ ಅಂತೈತ್ರಿ" ಎಂದು ಹೇಳಿ ಹೋದ. ನಾನೂ ಕ್ಷೇಮ. ಬಂದವರೆಲ್ಲ ಒಂದೇ ಪ್ರಶ್ನೆ ಕೇಳಿ ಕೇಳಿ ನನ್ನನ್ನು ಬಹಳ ದಣಿಸಿದ್ದಾರೆಂಬುದನ್ನು ಬಿಟ್ಟರೆ ಕ್ಷೇಮ. ಆ ಪ್ರಶ್ನೆ ಇನ್ನು ಕೆಲವು ದಿನಗಳಲ್ಲಿ ನಿಮ್ಮಲ್ಲಿಗೂ ಬರಲಿದೆ. ಅದಕ್ಕೆ ಮೊದಲು ನಡೆದದ್ದನ್ನು ನನ್ನ ಮಾತಿನಲ್ಲಿಯೇ ನೀವು ತಿಳಿಯಬೇಕೆಂದು ಈ ಕಾಗದ.

ತರಗತಿಯಲ್ಲಿ ಈ ವರ್ಷವೂ ನಾನೇ ಮೊದಲನೆಯವಳು. ಇದನ್ನು ಹೇಳುವಾಗ ತಲೆ ತಗ್ಗಿಸಬೇಕೆಂದು ಅಮ್ಮ ಹೇಳುತ್ತಾಳೆ. ತಗ್ಗಿಸಿದರೂ ಮೊದಲನೆಯವಳೇ ಆಗಿರುವುದರಿಂದ ತಲೆಯೆತ್ತಿಯೇ ಬರೆಯುತ್ತಿದ್ದೇನೆ. ಬಹುಮಾನದ ದಿನಕ್ಕಾಗಿ ನಮ್ಮ ಪಾಠಶಾಲೆಯ ದೊರೆಸಾನಿಯವರು ಮೇಲಿನ ತರಗತಿಯವರಿಗೆಲ್ಲ ಒಂದೊಂದು ಇಂಗ್ಲೀಷ್ ಶಬ್ದವನ್ನು ಹಂಚಿದರು. ಶಬ್ದಕ್ಕೆ ಎಷ್ಟು ಅರ್ಥಗಳುಂಟೋ ಅಷ್ಟನ್ನೂ ಕನ್ನಡದಲ್ಲಿ ವಿವರಿಸಬೇಕು, ಪ್ರತಿಯೊಂದು ಅರ್ಥಕ್ಕೂ ಒಂದು ವಾಕ್ಯ ರಚಿಸಬೇಕು, ಸಭೆಯ ಮುಂದೆ ಎರಡು ಭಾಷೆಗಳಲ್ಲಿಯೂ ಓದಬೇಕು. ವಾಕ್ಯ ಪುಸ್ತಕದಿಂದ ಎತ್ತಿದ್ದಾಗಿರಕೂಡದು. ಓದುವವಳ ಸ್ವಂತ ಬಾಳಿನಿಂದ ಬಂದದ್ದೂ ನಿಜವಾದದ್ದೂ ಆಗಿರಬೇಕೆಂಬುದು ಕಟ್ಟಳೆ. ನನ್ನ ಪಾಲಿಗೆ ಬಂದ ಶಬ್ದ 'ಸ್ವಿಮ್'.

ನಿಮಗೆ ಇಂಗ್ಲೀಷ್ ಬಾರದು, ಆದರೆ ಸಂಸ್ಕೃತದ ನಾನಾರ್ಥಗಳನ್ನು ನನಗೆ ಬಾಯಿಪಾಠ ಮಾಡಿಸಿದವರು ನೀವೇ; ಆದ್ದರಿಂದ ಈ ಶಬ್ದ ನಿಮಗೆ ಹಿಡಿಸೀತು. ಕೈಕಾಲು ಆಡಿಸಿ ನೀರಿನಲ್ಲಿ ಸಾಗುವುದು ಇದರ ಮೊದಲ ಅರ್ಥ, ಅದಕ್ಕೆ ನಮ್ಮ 'ಈಜು' ಸರಿಹೋಗುತ್ತದೆ. ಆದರೆ ಅವರ ಶಬ್ದ ಬಾವಿಯಲ್ಲಿಯೇ ಉಳಿಯದೆ ಅಡಿಗೆಮನೆಗೂ ಬರುತ್ತದೆ. ತುಪ್ಪ ಧಾರಾಳವಾಗಿ ಬಿದ್ದ ಹೋಳಿಗೆಯೂ ಎಲೆಯ ಮೇಲೆ ಸ್ವಿಮ್ ಮಾಡುತ್ತದೆ; ಅಲ್ಲಿ ನಾವು 'ತೇಲು' ಎನ್ನಬೇಕು. ಕಣ್ಣು ಸ್ವಿಮ್ ಮಾಡಿದರೆ ನಮ್ಮಲ್ಲಿ ಕಣ್ಣು ತುಂಬಿ ಬರುತ್ತದೆ. ಉಪವಾಸದಿಂದ ಎದ್ದವಳ ತಲೆ ಸ್ವಿಮ್ ಮಾಡಿದರೆ ತಲೆ ಸುತ್ತಿತೆಂದು ತಿಳಿಯಬೇಕು. ಎದುರಿನ ಕಂಬಗಳು ಸ್ವಿಮ್ ಮಾಡಿದವೆಂದರೂ ನಡೆಯುತ್ತದೆ, ಸುತ್ತಿದ್ದು ತಲೆಯೇ ಆದರೂ. ಊರಿನ ಆಗುಹೋಗುಗಳೆಲ್ಲದರ ನಡುವೆ ಓಡಾಡಿಕೊಂಡಿರುವವನು 'ಸ್ವಿಮ್ಮಿನೊಳಗೆ ಇದ್ದಾನೆ' ಎಂಬ ಮಾತೂ ಉಂಟಂತೆ. ಅದು ಕ್ಲಬ್ಬಿನ ಮಾತು, ಬರೆಯಬೇಡವೆಂದು ದೊರೆಸಾನಿಯವರು ಹೇಳಿದರು, ನಾನು ಬರೆದೆ. ನಿನ್ನೆ ಈಜಿದ್ದಕ್ಕೆ ಒಂದು ರೂಪ, ಈಜಿ ಮುಗಿಸಿದ್ದಕ್ಕೆ ಇನ್ನೊಂದು ರೂಪ. ಎರಡನ್ನೂ ತಪ್ಪದೆ ಹೇಳಿದವಳು ತರಗತಿಯಲ್ಲಿ ನಾನೊಬ್ಬಳೇ.

ವಾಕ್ಯಗಳಿಗೆ ದೂರ ಹೋಗಬೇಕಾಗಲಿಲ್ಲ. ಹೋಳಿಗೆ ನನ್ನ ಮದುವೆಯ ಊಟದ್ದು, ಸುತ್ತಿದ ತಲೆಯೂ ತುಂಬಿದ ಕಣ್ಣೂ ಅಮ್ಮನವು. ಕಣ್ಣು ತುಂಬಿದ್ದು ನೀವು ಕುರುಗೋಡು ಬಿಟ್ಟು ಹೊರಟ ದಿನ. ಸ್ವಿಮ್ಮಿನೊಳಗೆ ಇರುವವರು ನನ್ನ ಮಾವನವರ ತಮ್ಮ, ಚಿಕ್ಕಮಾವ ವಕೀಲ ಗುರುರಾಜರಾಯರು. ಸಭೆಯಲ್ಲಿ ಮುಂದಿನ ಸಾಲಿನಲ್ಲಿಯೇ ಕುಳಿತಿದ್ದ ಅವರು ಅದನ್ನು ಕೇಳಿ ಎಲ್ಲರಿಗಿಂತ ಗಟ್ಟಿಯಾಗಿ ನಕ್ಕರು. ಮೊದಲ ಅರ್ಥಕ್ಕೆ ನಾನು ಓದಿದ್ದು ಇದು: "ಕುರುಗೋಡಿನಲ್ಲಿ ನನ್ನ ಅಜ್ಜನ ತೋಟದ ಬಾವಿಯಲ್ಲಿ ಈಜು ಕಲಿತೆ, ಈಗಲೂ ಈಜಬಲ್ಲೆ." ಇದಕ್ಕೆ ಅವರು ನಗಲಿಲ್ಲ. ಬಹುಮಾನ ನನಗೇ ಬಂತು. ಆ ವಾರ ಮುಗಿಯುವಷ್ಟರಲ್ಲಿ ವಾಕ್ಯ ಸಿರಗುಪ್ಪದ ನನ್ನ ಅತ್ತೆಯ ಮನೆಗೆ ತಲುಪಿತ್ತು.

ಅಂದಿನಿಂದ ನೀರು ತರಲು ಹೋದರೆ ನೆರೆಯವರ ಬಾಯಿಗೆ ನಾನೇ ಸಿಕ್ಕುತ್ತೇನೆ. "ಇಂದಿರಾ, ನಿಮ್ಮ ಅತ್ತಿ ಊರು ಹೊಳಿ ದಂಡಿ ಮ್ಯಾಲೇ ಅದಲ್ಲ, ಹರಿಗೋಲಿನ ದುಡ್ಡು ಉಳೀತು ಬಿಡವಾ" ಎಂದು ಒಬ್ಬಾಕೆ, "ಬಾಣಂತನಾನೂ ನೀರಾಗೇನು?" ಎಂದು ಇನ್ನೊಬ್ಬಾಕೆ. ಮೊದಮೊದಲು ಉತ್ತರ ಕೊಟ್ಟೆ. ಈಗ ಕೊಡ ತುಂಬಿಸಿಕೊಂಡು ಬಂದುಬಿಡುತ್ತೇನೆ. ಆಗ ನಮ್ಮಜ್ಜಿಯ ನೆನಪಾಗುತ್ತದೆ. ನೀವು ನನ್ನ ಪರಕಾರವನ್ನು ಕಚ್ಚೆಯಂತೆ ಸಿಕ್ಕಿಸಿ, ಬೆನ್ನಿಗೆ ಒಣಸೋರೆಯ ಬುರುಡೆ ಕಟ್ಟಿ, ಹಗ್ಗದ ತುದಿಯನ್ನು ಹುಲುಗಪ್ಪನ ಕೈಗೆ ಕೊಟ್ಟು ಇಳಿಸುವಾಗ ಅಜ್ಜಿ ಮೇಲೆ ನಿಂತು, "ಹೆಣ್ಣು ಹುಡುಗಿನ್ನ ಕಪ್ಪಿ ಮಾಡ್ತೀರೇನ್ರಿ?" ಎಂದು ಕೂಗುತ್ತಿದ್ದಳು. "ದಿನಾ ನೀರಿಗೆ ಕಳಸ್ತೀರಿ, ಜಾರಿ ಬಿದ್ರ ಏನ್ ಮಾಡ್ಬೇಕಂತ ಯಾರ ಹೇಳ್ಯಾರ ಅಕಿಗೆ?" ಎಂದು ನೀವು. ಕೊಡದೊಡನೆ ಜಾರಿದ ನಿಮ್ಮ ತಂಗಿಯ ಸಂಗತಿಯನ್ನು ನೀವು ನನಗೆ ಹೇಳಿದ್ದು ಒಮ್ಮೆ ಮಾತ್ರ: ಬಾವಿಯ ಸುತ್ತ ಅಷ್ಟು ಜನ ಹೆಂಗಸರು ನಿಂತು ಅತ್ತರು, ಇಳಿಯಬಲ್ಲವಳು ಒಬ್ಬಳೂ ಇರಲಿಲ್ಲ. ಆ ಮೇಲೆ ನಾನು ಬುರುಡೆ ಬಿಚ್ಚಿ ಈಜಿದ ದಿನ ನೀವು ಮೆಟ್ಟಿಲ ಮೇಲೆ ಕುಳಿತುಬಿಟ್ಟಿರಿ.

ಹೋದ ವಾರ ಅತ್ತೆ ತಿರುಮಲಮ್ಮನವರು ಬಂಡಿ ಕಟ್ಟಿಸಿಕೊಂಡು ಬಂದರು, ಜೊತೆಗೆ ಚಿಕ್ಕಮಾವ. ಮದರಾಸಿನಲ್ಲಿ ನನ್ನ ಯಜಮಾನರ ಓದು ಮುಗಿಯಲೆಂದು ಎರಡು ಸಲ ಮುಂದಕ್ಕೆ ಹೋದ ನನ್ನ ಮನೆದುಂಬುವ ಮುಹೂರ್ತ ಮಾಘದಲ್ಲಿ ನಿಶ್ಚಯವಾಗಿದೆಯಷ್ಟೆ; ಅದರ ಮಾತಿಗೆ ಬಂದರೆಂದು ಅಮ್ಮ ಸಡಗರಪಟ್ಟಳು. ಅತ್ತೆಯವರು ನೀರನ್ನೂ ಮುಟ್ಟದೆ ಹೇಳಿದರು: "ಸಣ್ಣಾಕಿದ್ದಾಗ ಬಾವ್ಯಾಗ ಬಿದ್ದೆದ್ದಿದ್ರ ನಾ ಏನೂ ಅಂತಿದ್ದಿಲ್ಲ. ಈಗೂ ಈಜ್ತೀನಂತ ಗಂಡಸರ ಸಭಾದಾಗ ಓದ್ಯಾಳ. ನಾಳೆ ಅಕಿ ಹೊಳಿಗೆ ಹೊಂಟ್ರ ನನ್ನ ಸೊಸಿನ್ನ ನೋಡ್ಲಿಕ್ಕೆ ಮಂದಿ ದಂಡಿ ಮ್ಯಾಲೆ ನಿಂದರ್ತಾರ." ಈಜು ಬರುವುದು ದಿಟವಾದರೆ ಮುಹೂರ್ತವಿಲ್ಲ, ಮಗನಿಗೆ ಬೇರೆ ಹೆಣ್ಣು ನೋಡುವೆವೆಂದೂ ಹೇಳಿದರು. ಅಪ್ಪ ಕೈಜೋಡಿಸಿ, "ಅದು ಬರೇ ಉದಾಹರಣಿ ಅದರಿ. ಶಬ್ದಕ್ಕೊಂದು ವಾಕ್ಯ ಬೇಕಿತ್ತು, ಬರದಾಳ" ಎಂದರು. ಚಿಕ್ಕಮಾವನಿಗೆ ಈ ವಾದ ಬಹಳ ಹಿಡಿಸಿತು; ಅತ್ತಿಗೆಯ ಕಡೆ ತಿರುಗಿ ಹೇಳಿದರು: "ವ್ಯಾಕರಣದಾಗ 'ನಾನು' ಅಂದ್ರ ಯಾರೂ ಅಲ್ಲ, ವೈನೀ. ಕೋರ್ಟಿನಾಗಾದ್ರ ಇದನ್ನ ಊಟದ ಹೊತ್ತಿನೊಳಗ ಗೆದ್ದುಬಿಡ್ತಿದ್ದೆ."

ನಾನು ಬಾಗಿಲ ಹಿಂದೆ ಲೋಟಗಳ ತಟ್ಟೆ ಹಿಡಿದು ನಿಂತಿದ್ದೆ. ಆ ಒಂದು ವಾಕ್ಯ ಬರಿಯ ಉದಾಹರಣೆಯಾದರೆ ಅಮ್ಮನ ಕಣ್ಣು ತುಂಬಿದ್ದೂ ಉದಾಹರಣೆ, ನನ್ನ ಮದುವೆಯೂ ಉದಾಹರಣೆ ಎಂದು ಹೇಳಲು ಬಾಯಿ ತೆರೆದೆ. ಅಮ್ಮ ನನ್ನ ಮಣಿಕಟ್ಟು ಹಿಡಿದು, "ಒಂದ್ ದಿನ ಸುಮ್ಮನಿರು, ಇಂದಿರಾ, ನಿನಗ ಕೈ ಮುಗೀತೀನಿ" ಎಂದಳು. ಹೆತ್ತ ತಾಯಿ ಕೈ ಮುಗಿದ ಮೇಲೆ ನನ್ನ ಜಾಣತನವೆಲ್ಲ ಎಲ್ಲಿ ಹೋಯಿತೋ ತಿಳಿಯದು. ತಟ್ಟೆಯನ್ನು ನೆಲಕ್ಕಿಟ್ಟೆ. ಆದರೆ ಅತ್ತೆಯವರು ಚಿಕ್ಕಮಾವನಿಗಿಂತ ಜಾಣರು. "ಅಕಿ ಬಾಯಿ ಬಿಡೂದಿಲ್ಲ. ಮಂತ್ರಾಲಯಕ್ಕ ಹೋಗಿ ಅಕಿ ಅಜ್ಜನ್ನ ಕೇಳೋಣು. ಆ ಹಿರಿಯರು ಏನಂದ್ರ ಅದ ಖರೆ" ಎಂದು ಎದ್ದರು. ಬರುವ ದ್ವಾದಶಿಗೆ ಇಬ್ಬರೂ ನಿಮ್ಮ ಮುಂದೆ ಇರುತ್ತಾರೆ.

ಅಜ್ಜಾ, ಆ ಮನೆಗೆ ಹೋಗಬೇಕೆಂಬ ಆಸೆ ನನಗಿಲ್ಲವೆಂದು ತಿಳಿಯಬೇಡಿ. ಗಂಡನ ಮನೆ ಬೇಡವೆನ್ನುವ ಧೈರ್ಯ ಯಾವ ತರಗತಿಯಲ್ಲಿಯೂ ಕಲಿಸುವುದಿಲ್ಲ. ಮನೆಯಲ್ಲಿ ಕುಳಿತ ಮಗಳು ಅಪ್ಪನ ಬೆನ್ನನ್ನು ಎಷ್ಟು ಬಗ್ಗಿಸುತ್ತಾಳೆಂಬುದನ್ನೂ ಕಂಡಿದ್ದೇನೆ. ಆದರೆ ಸಿರಗುಪ್ಪದ ಹೊಳೆಯ ದಂಡೆಯಲ್ಲಿ, ನೀರಿಗೆ ಇಳಿದಾಗಲೆಲ್ಲ ಈಜು ಬಾರದವಳಂತೆ ನಟಿಸಿಕೊಂಡು ಬಾಳುವುದನ್ನು ಎಣಿಸಿದರೆ ಈಗಲೇ ಕೈಕಾಲು ಸೋಲುತ್ತವೆ. ಇಷ್ಟೇ ನಡೆದದ್ದು. ಉಳಿದದ್ದು ನಿಮ್ಮ ಚಿತ್ತ.

ಅಪ್ಪ, ಅಮ್ಮ ನಿಮಗೆ ನಮಸ್ಕಾರ ತಿಳಿಸಿದ್ದಾರೆ. ರಾಯರ ಬೃಂದಾವನದ ಮೃತ್ತಿಕೆ ತೀರಿದೆ. ಯಾರಾದರೂ ಈ ಕಡೆ ಬರುವವರಿದ್ದರೆ ಸ್ವಲ್ಪ ಕಳುಹಿಸುವುದು. ಕಂಬಳಿಯನ್ನು ಬೇರೆ ಯಾರಿಗೂ ದಾನ ಮಾಡದೆ ನೀವೇ ಹೊದೆಯುವುದು.

ನಿಮ್ಮ ಆಶೀರ್ವಾದವನ್ನು ಬೇಡುವ ಮೊಮ್ಮಗಳು,
ಇಂದಿರಾಬಾಯಿ

ಮತ್ತೆ: ಹುಲುಗಪ್ಪ ನಾಳೆಯೇ ನಿಮ್ಮಲ್ಲಿಗೆ ಹೊರಡುತ್ತಾನೆ. "ಬಾವ್ಯಾಗ ಬರೇ ಸ್ನಾನ ಮಾಡಸ್ತಿದ್ದೆ, ಈಜು ಕಲಿಸಿಲ್ಲ" ಎಂದು ನೀವು ಹೇಳಬೇಕೆಂದು ಅಮ್ಮ ಅವನ ಬಾಯಲ್ಲಿ ಹೇಳಿ ಕಳುಹಿಸುತ್ತಿದ್ದಾಳೆ. ನೀವು ಹುಟ್ಟಿದಂದಿನಿಂದ ಸುಳ್ಳಾಡಿದವರಲ್ಲ, ಆದರೆ ನನಗಾಗಿ ಆಡಿಬಿಡುವಿರೆಂದು ನನಗೆ ಗೊತ್ತು. ಆ ಪಾಪವನ್ನೂ ನಿಮ್ಮ ಲೆಕ್ಕಕ್ಕೇ ಹಾಕಿಕೊಂಡು ಹೊಳೆಗೆ ಹೋಗಿ ಮುಳುಗು ಹಾಕಿ ಬರುವಿರೆಂದೂ ಗೊತ್ತು. ಅದಕ್ಕಾಗಿ ಇಂದು ಬೆಳಿಗ್ಗೆ ಮದರಾಸಿಗೆ, ನನ್ನ ಯಜಮಾನರಿಗೆ, ನನ್ನ ಮೊದಲ ಕಾಗದವನ್ನು ಬರೆದು ಟಪ್ಪಾಲಿಗೆ ಹಾಕಿಸಿದೆ. ನಿಮ್ಮ ಹೆಂಡತಿ ಈಜಬಲ್ಲಳು, ಹೋದ ಬೇಸಿಗೆಯಲ್ಲಿಯೂ ಈಜಿದಳು, ಇನ್ನು ಮುಂದೆಯೂ ಈಜುವಳು, ಇದು ಉದಾಹರಣೆಯಲ್ಲ ಎಂದು ಬರೆದಿದ್ದೇನೆ. ಆದುದರಿಂದ ನನ್ನನ್ನು ಉಳಿಸಲು ನೀವು ಹೇಳಬೇಕಾದ ಸುಳ್ಳು ಯಾವುದೂ ಈಗ ಉಳಿದಿಲ್ಲ. ಅತ್ತೆಯವರು ಕೇಳಿದರೆ ಕಲಿಸಿದವ ನಾನೇ ಎಂದು ಹೇಳಿ, ಹೊತ್ತಿಗೆ ಸರಿಯಾಗಿ ಊಟ ಮಾಡಿ. — ಇಂ.