ಮೇಲಿನ ಸಾಲಿನ ದನಿ

ಜೂನ್ 1, ಭಾನುವಾರ

ಡೌನ್‌ಲೋಡ್ ಮತ್ತೆ ಅರ್ಧಕ್ಕೆ ನಿಂತಿತು. ಅಷ್ಟರಲ್ಲಿ ಚಿತ್ರಾನ್ನಕ್ಕೆ ಒಗ್ಗರಣೆ ಹಾಕಿ ಬಂದೆ. ಹಾಡು ರೆಕಾರ್ಡ್ ಮಾಡುವ ಸಾಫ್ಟ್‌ವೇರ್‌ಗಳಲ್ಲಿ ಹೋದ ವಾರ ಆಡಾಸಿಟಿ ನೋಡಿದ್ದೆ. ಪುಕ್ಕಟೆ, ಸರಳ. ಆದರೆ ಶ್ರುತಿ ಒಂದು ಕಡೆ, ದನಿ ಒಂದು ಕಡೆ ಇಟ್ಟು ಹೊಂದಿಸುವುದು ನನ್ನಿಂದ ಹರಿಯಲಿಲ್ಲ. ಈಗ ರೀಪರ್. ಪರದೆ ತುಂಬ ಗುಂಡಿಗಳು. ಆದರೂ ಇದೇ ಇರಲಿ ಅನ್ನಿಸುತ್ತಿದೆ. ನೆಟ್ ಬೇಡ. ಯಾರಿಗೂ ಕೇಳಿಸುವುದಿಲ್ಲ.

ಥೈರಾಯ್ಡ್ ಆಪರೇಷನ್ ಆದಮೇಲೆ ಹಾಡೇ ಇಲ್ಲ. ಏಳು ವರ್ಷ. ದನಿ ಕೆಳಗಿಳಿದಿದೆ, ಅಂಚು ಒರಟಾಗಿದೆ. ಮೇಲಿನ ಷಡ್ಜ ಮುಟ್ಟುವುದೇ ಇಲ್ಲ. ಒಬ್ಬಳೇ ಶುರುಮಾಡಬೇಕು.

ಜೂನ್ 4

ಹೊನ್ನಾಳಿಯಿಂದ ಅನಿತಾ ಫೋನ್. ಚನ್ನಗಿರಿಯಲ್ಲಿದ್ದಾಗ ನಾನು ಹಾಡು, ಅವಳು ಹಾರ್ಮೋನಿಯಂ. ಎಲ್ಲಿ ಕರೆದರೂ ಇಬ್ಬರನ್ನೂ ಸೇರಿಸಿಯೇ ಕರೆಯುತ್ತಿದ್ದರು. ಈಗ ಮಕ್ಕಳಿಗೆ ಕೀಬೋರ್ಡ್ ಕಲಿಸುತ್ತಾಳೆ.

"ರೀಪರ್ ಬ್ಯಾಡ ಕಣೆ. ಅದ್ನ ಕಲಿಯೋದ್ರಾಗೆ ಮುದುಕಿ ಆಗ್ತೀಯ. ನಾನು ಬಳಸೋದು ಆನ್‌ಲೈನ್ ಐತೆ. ನೀನು ನ್ಯಾಮತೀಲಿ ಹಾಡು, ನಾನು ಇಲ್ಲಿಂದ್ಲೇ ನುಡಿಸ್ತೀನಿ. ಇಬ್ರಿಗೂ ಒಂದೇ ಪ್ರಾಜೆಕ್ಟ್."

"ನನ್ನ ದನಿ ಹೆಂಗಾಗೈತೆ ಗೊತ್ತಲ್ಲ."

"ಗೊತ್ತು. ಇರೋದ್ರಾಗೆ ಹಾಡು. ನನ್ನ ಬಿಟ್ರೆ ಯಾರು ಕೇಳ್ತಾರೆ?"

ಒಪ್ಪಿದೆ. ಅವಳು ನುಡಿಸುವಾಗ ಜೊತೆಗೆ ಹಾಡಬೇಕೆನ್ನುವ ಆಸೆ ಇಷ್ಟು ಉಳಿದಿತ್ತೆಂದು ಗೊತ್ತೇ ಇರಲಿಲ್ಲ.

ಜೂನ್ 8, ಬೆಳಿಗ್ಗೆ

ಫ್ಯಾನ್ ಆಫ್, ಕಿಟಕಿ ಮುಚ್ಚಿ, ಬೆವರು ಸುರಿಸಿಕೊಂಡು ಹಾಡಿದೆ. ಆಸ್ಪತ್ರೆಯಲ್ಲಿ ಮಾತಾಡಬಾರದು ಎಂದಿದ್ದಾಗ ತಲೆಯೊಳಗೇ ಕಟ್ಟಿದ ಹಾಡು. ಬಾಯಿಂದ ಹೊರಬಂದದ್ದು ಇವತ್ತೇ. ಮೂರನೇ ಸಾಲು ಮೇಲೆ ಹೋಗಬೇಕು. ಹೋಗಲಿಲ್ಲ, ದನಿ ಒಡೆಯಿತು. ಕೆಳಗೇ ಇಳಿಸಿ ಹಾಡಿದೆ. ದುಃಖ ಅಲ್ಲಿಗೇ ಬಂದು ಕೂತ ಹಾಗಾಯಿತು. ಇದೇ ಸರಿ ಅನ್ನಿಸಿತು.

ಇವರು ಅಂಗಡಿಯಿಂದ ಬಂದವರು ಬಾಗಿಲಲ್ಲಿ ನಿಂತು ಕೇಳಿದರು. "ಟೀ ಐತಾ?" ಅಂದರು ಅಷ್ಟೇ.

ಹಾಡನ್ನು ಆನ್‌ಲೈನ್ ಪ್ರಾಜೆಕ್ಟ್‌ಗೆ ಸೇರಿಸಿ ಅನಿತಾಳಿಗೆ ಮೆಸೇಜ್ ಹಾಕಿದೆ — ನಿನ್ನ ಕೆಲಸ ಶುರುಮಾಡು.

ಜೂನ್ 25

ಸೊಸೈಟಿ ಕೌಂಟರಿನಲ್ಲಿ ಕೆಲಸದಲ್ಲಿದ್ದಾಗ ಫೋನ್. ಜಗಳೂರಿನ ತಿಪ್ಪೇರುದ್ರಸ್ವಾಮಿಯಂತೆ. ಅಲ್ಲಿ ಗಾಯನ ಸಂಘ ನಡೆಸುತ್ತಾರಂತೆ.

"ಅನಿತಾ ಮೇಡಂ ನಿಮ್ಮ ಹಾಡು ಕಳಿಸಿದ್ರು. ಮೂರನೇ ಸಾಲು ಮ್ಯಾಲಕ್ಕೆ ಏರಿಸೀರಲ್ಲ... ಏನು ದನಿ ರೀ ಅದು. ಮುಂದಿನ ತಿಂಗಳು ನಮ್ಮಲ್ಲಿ ಬಂದು ಹಾಡಬೇಕು."

ಏರಿಸೀರಲ್ಲ. ನಾನು ಏರಿಸಿಲ್ಲ.

ಆ ಹಾಡನ್ನು ನನಗೂ ಕಳಿಸಿ ಎಂದೆ. ಕಳಿಸಿದರು. ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತು ಕೇಳಿದೆ. ನನ್ನದೇ ದನಿ. ಆಪರೇಷನ್‌ಗೆ ಮುಂಚಿನದು. ಆ ದನಿ ಇದ್ದಾಗ ಈ ಹಾಡೇ ಇರಲಿಲ್ಲ.

ಜೂನ್ 26

ಅನಿತಾಳಿಗೆ ಫೋನ್ ಮಾಡಿದೆ.

"ಈಗ ಎಐ ಐತಲ್ಲ. ಹಳೇ ದನಿ ಕೊಟ್ರೆ ಹೊಸ ಹಾಡನ್ನ ಅದ್ರಾಗೇ ಹಾಡ್ತೈತೆ. ಚೆನ್ನಾಗಿ ಬಂದಿಲ್ವಾ?"

"ಹಳೇ ದನಿ ನಿನಗೆಲ್ಲಿ ಸಿಕ್ತು?"

"ನಿಮ್ಮನೆಯೋರೇ ಕೊಟ್ರು. ಚನ್ನಗಿರಿ ಕಾರ್ಯಕ್ರಮಗಳ ರೆಕಾರ್ಡಿಂಗು."

"ಜಗಳೂರಿಗೆ ಹೋಗಿ ಏನು ಹಾಡ್ಲಿ?"

"ನಾನು ಟ್ರ್ಯಾಕ್ ಹಾಕ್ತೀನಿ. ನೀನು ತುಟಿ ಆಡಿಸಿದ್ರಾತು."

ಫೋನ್ ಇಟ್ಟೆ.

ಊಟಕ್ಕೆ ಕೂತಾಗ ಇವರನ್ನು ಕೇಳಿದೆ. ತಟ್ಟೆಯಿಂದ ತಲೆ ಎತ್ತಲಿಲ್ಲ.

"ನಿನಗೆ ಖುಷಿಯಾಗ್ಲಿ ಅಂತ ಕೊಟ್ಟೆ."

"ನನ್ನ ಒಂದು ಮಾತು ಕೇಳ್ಬೇಕಿತ್ತಲ್ರೀ."

"ಕೇಳಿದ್ರೆ ಬ್ಯಾಡ ಅಂತಿದ್ದೆ." ಅನ್ನ ಕಲಸುತ್ತಲೇ ಇದ್ದರು. "ನನಗೂ ಆ ದನಿ ಇನ್ನೊಂದು ಸಲ ಕೇಳ್ಬೇಕು ಅನ್ನಿಸ್ತಿತ್ತು, ಹೇಮಾ."

ಏಳು ವರ್ಷ ಈ ದನಿಯಲ್ಲೇ ಊಟಕ್ಕೆ ಕರೆದಿದ್ದೇನೆ. ಬರುತ್ತಿದ್ದರು, ಉಣ್ಣುತ್ತಿದ್ದರು. ಒಳಗೆ ಇದೊಂದು ಇತ್ತೆಂದು ಒಂದು ದಿನವೂ ತೋರಿಸಿಕೊಳ್ಳಲಿಲ್ಲ.

ಜುಲೈ 6, ಭಾನುವಾರ

ಮನೆಯಲ್ಲಿ ಬೇಕಾದಷ್ಟೇ ಮಾತು. ಅನಿತಾಳ ಫೋನ್ ಎತ್ತುತ್ತಿಲ್ಲ. ಅವಳ ಆನ್‌ಲೈನ್ ಪ್ರಾಜೆಕ್ಟ್‌ನಿಂದ ನನ್ನ ಹಾಡು ತೆಗೆದುಹಾಕಿದೆ. ತೆಗೆದದ್ದು ನನ್ನ ಕಡೆಯಿಂದ ಮಾತ್ರ. ಅವಳ ಹತ್ತಿರ ಇದ್ದೇ ಇರುತ್ತದೆ.

ರೀಪರನ್ನೇ ಕಲಿತು, ಹಾಡು ಮತ್ತೆ ರೆಕಾರ್ಡ್ ಮಾಡಿದೆ. ಬರೀ ಶ್ರುತಿ, ನಾನು. ಮೂರನೇ ಸಾಲು ಕೆಳಗೇ. ಒಡೆದ ಕಡೆ ಒಡೆದ ಹಾಗೇ ಬಿಟ್ಟೆ. ತಿಪ್ಪೇರುದ್ರಸ್ವಾಮಿಯವರಿಗೆ ಕಳಿಸಿ ಕೆಳಗೆ ಬರೆದೆ — ಇದು ನನ್ನ ಈಗಿನ ದನಿ. ಇದಾಗುತ್ತದೆ ಎಂದರೆ ಬರುತ್ತೇನೆ.

ಕಳಿಸಿದ ಮೇಲೆ ಹಸಿವಾಯಿತು. ಎಷ್ಟೋ ದಿನದ ಮೇಲೆ.

ಜುಲೈ 7, ಮಧ್ಯಾಹ್ನ

ಉತ್ತರ ಬಂದಿದೆ.

"ನಮಸ್ಕಾರ ಮೇಡಂ. ನೀವೂ ಚೆನ್ನಾಗೇ ಹಾಡೀರಿ. ಆದ್ರೆ ನಮ್ಮೋರು ಒಪ್ಪಿರೋದು ಮೊದಲಿನ ಹಾಡು. ಅದನ್ನ ಹಾಡಿದೋರು ಬ್ಯಾರೆಯೋರು ಅಂತ ಈಗ ಗೊತ್ತಾತು. ಅವರ ನಂಬರ್ ಇದ್ರೆ ಕಳಿಸ್ರಿ."

ಅವರು ಈಗ ಇಲ್ಲ ಎಂದು ಟೈಪ್ ಮಾಡಿದೆ. ಅಳಿಸಿದೆ. ಸುಳ್ಳಿನ ಮೇಲೆ ಇನ್ನೊಂದು ಬೇಡ. ಇದ್ದದ್ದನ್ನೇ ಬರೆಯಬೇಕು. ಮೊದಲು ಇಲ್ಲಿ ಬರೆದು ನೋಡುತ್ತೇನೆ — ಸ್ವಾಮಿಯವರೇ, ಅದನ್ನು ಮನುಷ್ಯರು ಹಾಡಿಲ್ಲ, ಯಂತ್ರ ಹಾಡಿದ್ದು. ದನಿ ನನ್ನದೇ, ಹಳೆಯದು. ನನಗೆ ಗೊತ್ತಿಲ್ಲದ ಹಾಗೆ ಮಾಡಿದವಳು ನನ್ನ ಗೆಳತಿ. ದನಿ ತೆಗೆದುಕೊಟ್ಟವರು ನನ್ನ... ಮುಂದಿನ ಪದ ಬರೆಯಲು ಮನಸ್ಸು ಬರುತ್ತಿಲ್ಲ.